ಮಿನ್ನೆಸೋಟಾದ ಚಳಿಗಾಲಕ್ಕೆ ಬಾಳಿಕೆ ಬರುವ ಎಸ್ಟೇಟ್ ಕಾರು

ನಮಸ್ಕಾರ. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಹತ್ತು ವರ್ಷವಾದರೂ ಇಟ್ಟುಕೊಳ್ಳಬಹುದಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಎಸ್ಟೇಟ್ ಕಾರು (ಹಿಂಬದಿಯಲ್ಲಿ ಸಾಮಾನಿಗೆ ಹೆಚ್ಚು ಜಾಗವಿರುವ ಉದ್ದನೆಯ ಕಾರು) ಬೇಕೆಂದು ಬರೆದಿದ್ದೀರಿ. ಅಗ್ಗಕ್ಕೆ ಸಿಗುತ್ತಿರುವ 2011ರ ಸುಬಾರು ಔಟ್‌ಬ್ಯಾಕ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಔಟ್‌ಬ್ಯಾಕ್ ಒಳ್ಳೆಯ ಆಯ್ಕೆಯೇ, ಆದರೆ ದಯವಿಟ್ಟು ಆ ವರ್ಷದ್ದು ಬೇಡ. 2012ರ ವರೆಗಿನ 2.5 ಲೀಟರ್ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವೆ ಸೋರದಂತೆ ಹಾಕುವ ತೆಳು ಹಾಳೆ) ಸೋರುವುದು ಮೆಕ್ಯಾನಿಕ್‌ಗಳಿಗೆಲ್ಲ ಪರಿಚಿತವಾದ ದೋಷ. ಜೊತೆಗೆ ಅದರ ಟೈಮಿಂಗ್ ಬೆಲ್ಟನ್ನು (ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಪಟ್ಟಿಯನ್ನು) 1,05,000 ಮೈಲಿಗೆ ಬದಲಿಸಬೇಕಾಗುತ್ತದೆ. 2013ರಲ್ಲಿ ಬಂದ ಹೊಸ ಎಂಜಿನ್ನಿಗೆ ಬೆಲ್ಟಿನ ಬದಲು ಚೈನ್ ಇದೆಯಾದರೂ, ಮೊದಲ ಎರಡು ವರ್ಷಗಳ ಕಾರುಗಳು ಆಯಿಲ್ ಹೆಚ್ಚು ಕುಡಿಯುತ್ತವೆ ಎಂಬ ದೂರು ನ್ಯಾಯಾಲಯದವರೆಗೂ ಹೋಗಿತ್ತು.

ಹಾಗಾಗಿ 2016ರ ನಂತರದ, ಸರ್ವಿಸ್ ದಾಖಲೆಗಳು ಪೂರ್ತಿಯಾಗಿರುವ ಕಾರನ್ನೇ ಹುಡುಕಿ. ದೀರ್ಘಕಾಲ ಇಟ್ಟುಕೊಳ್ಳುವವರು ಹೆಚ್ಚು ಗಮನ ಕೊಡಬೇಕಾದದ್ದು ಅದರ ಸಿವಿಟಿ (ಹಂತಹಂತದ ಗೇರುಗಳಿಲ್ಲದೆ ತಾನಾಗಿಯೇ ಹೊಂದಿಕೊಳ್ಳುವ) ಗೇರ್‌ಬಾಕ್ಸಿಗೆ: 2010ರಿಂದ 2015ರ ಕಾರುಗಳಿಗೆ ಕಂಪನಿಯೇ ಅದರ ವಾರಂಟಿಯನ್ನು 10 ವರ್ಷ ಅಥವಾ 1,00,000 ಮೈಲಿಗೆ ವಿಸ್ತರಿಸಬೇಕಾಯಿತು. ಅದರ ಆಯಿಲನ್ನು ಎಂದಿಗೂ ಬದಲಿಸಬೇಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಿವಿಟಿ ಬೇಡವೆನಿಸಿದರೆ 2017–2019ರ ಫೋಕ್ಸ್‌ವ್ಯಾಗನ್ ಗಾಲ್ಫ್ ಆಲ್‌ಟ್ರ್ಯಾಕ್ ನೋಡಬಹುದು. ಅದು ಮ್ಯಾನ್ಯುಯಲ್ ಗೇರಿನಲ್ಲೂ ಬಂದಿತ್ತು.

ಯಾವುದನ್ನೇ ಕೊಂಡರೂ ನಾಲ್ಕು ಟೈರ್‌ಗಳೂ ಸಮನಾಗಿ ಸವೆದಿರಬೇಕು, ಏಕೆಂದರೆ ಒಂದನ್ನು ಮಾತ್ರ ಹೊಸದಾಗಿ ಹಾಕಿದರೆ ಚಕ್ರಗಳ ಸುತ್ತಳತೆಯ ವ್ಯತ್ಯಾಸದಿಂದ ಹಿಂದು-ಮುಂದಿನ ಚಕ್ರಗಳನ್ನು ಜೋಡಿಸುವ ಕ್ಲಚ್ ಬೇಗ ಸವೆಯುತ್ತದೆ. ಚಳಿಗಾಲದ ಟೈರ್‌ಗಳಿಗೂ ಹಣ ತೆಗೆದಿಡಿ. ಹಿಮದಲ್ಲಿ ಕಾರನ್ನು ನಿಲ್ಲಿಸುವುದು ಟೈರೇ ಹೊರತು ಎಂಜಿನ್ನಿನ ಬಲವಲ್ಲ. ಅಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣವನ್ನು ತಿನ್ನುವುದರಿಂದ, ಮುಂಗಡ ಕೊಡುವ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ, ಬ್ರೇಕ್ ಪೈಪುಗಳನ್ನೂ ಹಿಂದಿನ ಚಕ್ರಗಳನ್ನು ಹಿಡಿದಿಡುವ ಚೌಕಟ್ಟಾದ ಸಬ್‌ಫ್ರೇಮನ್ನೂ ನಿಮ್ಮ ಕಣ್ಣಾರೆ ನೋಡಿ.