ಚಳಿಗಾಲದಲ್ಲಿ ಮಾರಿದ ಗ್ರಿಲ್‌ಗಳು

ಓದುಗರೊಬ್ಬರ ಪತ್ರ: "ನಾನು ಒಂದು ಏಜೆನ್ಸಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಾರ್ಚ್ ಕೊನೇ ವಾರದಲ್ಲಿ ಕಂಪನಿಯವರು ಬೇಡ ಅಂದರೂ ಮಾಲು ಇಳಿಸಿ ಬಿಲ್ ಹಾಕುತ್ತಾರೆ. ಹೋಗದಿದ್ದರೆ ವಾಪಸ್ ತಗೋತೀವಿ ಅಂತಾರೆ. ಬಿಲ್ ಇದೆ, ಮಾಲೂ ಬಂದಿದೆ. ಇದರಲ್ಲಿ ಮೋಸ ಎಲ್ಲಿದೆ?"

ಸಂಪಾದಕರ ಉತ್ತರ: ಆ 'ವಾಪಸ್ ತಗೋತೀವಿ' ಅನ್ನೋ ಮಾತನ್ನೇ ಮೊದಲು ನೋಡಬೇಕು. ಸೀಸನ್‌ಗೆ ಮುಂಚೆ ಡಿಸ್ಕೌಂಟ್ ಕೊಟ್ಟು ಸ್ಟಾಕ್ ತುಂಬಿಸುವುದು ತಪ್ಪಲ್ಲ. ಮಾಲು ತಿರುಗಿ ಬರುತ್ತದೆ ಅಂತ ಗೊತ್ತಿದ್ದೂ ಪೂರ್ತಿ ಮೊತ್ತವನ್ನು ಈ ವರ್ಷದ ಆದಾಯ ಅಂತ ಷೇರುದಾರರಿಗೆ ತೋರಿಸಿದರೆ ಅದು ಸುಳ್ಳು ಲೆಕ್ಕ.

ಅಮೆರಿಕದ ಸನ್‌ಬೀಮ್ ಕಂಪನಿಯಲ್ಲಿ ಆದದ್ದು ಇದೇ. ಮನೆ ಸಾಮಾನಿನ ಜೊತೆಗೆ, ಅಂಗಳದಲ್ಲಿಟ್ಟು ಅಡುಗೆ ಮಾಡುವ ಗ್ಯಾಸ್ ಗ್ರಿಲ್‌ಗಳನ್ನೂ ಅದು ತಯಾರಿಸುತ್ತಿತ್ತು. 1996ರಲ್ಲಿ ಆಲ್ ಡನ್‌ಲ್ಯಾಪ್ ಮುಖ್ಯಸ್ಥನಾಗಿ ಬಂದ. ಕೆಲವೇ ತಿಂಗಳಲ್ಲಿ, 12,000 ನೌಕರರಲ್ಲಿ ಅರ್ಧದಷ್ಟು ಜನರನ್ನು ತೆಗೆಯುವುದಾಗಿ ಹೇಳಿದ. ಆಮೇಲೆ ಲಾಭ ತೋರಿಸಲೇಬೇಕಲ್ವಾ?

ಗ್ರಿಲ್ ಬೇಸಿಗೆಯ ಸಾಮಾನು. ಅದನ್ನು 1997ರ ಕೊನೆಯಲ್ಲಿ, ಕೊರೆಯುವ ಚಳಿಯಲ್ಲಿ, ಅಂಗಡಿಯವರಿಗೆ 'ಮಾರಿದರು'. ದೊಡ್ಡ ಡಿಸ್ಕೌಂಟ್. ದುಡ್ಡು ತಿಂಗಳುಗಟ್ಟಲೆ ಬಿಟ್ಟು ಕೊಟ್ಟರೆ ಸಾಕು. ಇಡಲು ಜಾಗ ಇಲ್ಲ ಅಂದವರಿಗೆ, ನಮ್ಮಲ್ಲೇ ಇರಲಿ ಬಿಡಿ ಅಂದರು. ಬಿಲ್ ಅಂಗಡಿಯವನ ಹೆಸರಲ್ಲಿ. ಗ್ರಿಲ್ ಮಾತ್ರ ಡಬ್ಬ ಬಿಚ್ಚದೆ, ಸನ್‌ಬೀಮೇ ಬಾಡಿಗೆ ಕಟ್ಟುವ ಗೋಡೌನ್‌ನಲ್ಲಿ.

ಆ ವರ್ಷದ ಲಾಭ 18.9 ಕೋಟಿ ಡಾಲರ್ ಅಂತ ಘೋಷಿಸಿದರು. ಅದರಲ್ಲಿ ಕನಿಷ್ಠ 6 ಕೋಟಿ ಲೆಕ್ಕದ ಮೋಸದಿಂದ ಬಂದದ್ದು ಅಂತ ಅಲ್ಲಿನ ಷೇರುಪೇಟೆ ನಿಯಂತ್ರಕರು 2001ರಲ್ಲಿ ಹೇಳಿದರು. 1998ರಲ್ಲಿ ಹೊಸ ಆರ್ಡರ್ ಎಲ್ಲಿಂದ ಬರಬೇಕು? ಅಂಗಡಿಗಳಲ್ಲಿ ಹಳೇ ಮಾಲೇ ಜಾಸ್ತಿ ಇತ್ತು. ಜೂನ್‌ನಲ್ಲಿ ಡನ್‌ಲ್ಯಾಪ್‌ನನ್ನು ತೆಗೆದುಹಾಕಿದರು. 2001ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2002ರಲ್ಲಿ ಅವನು 5 ಲಕ್ಷ ಡಾಲರ್ ದಂಡ ಕಟ್ಟಿ, ತಪ್ಪು ಒಪ್ಪಿಕೊಳ್ಳದೆಯೇ ರಾಜಿ ಮಾಡಿಕೊಂಡ. ಕೆಲಸ ಕಳೆದುಕೊಂಡ ಸಾವಿರಾರು ಮನೆಗಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ನಿಮಗೆ ಮಾಲು ಕಳಿಸುವ ಕಂಪನಿಯೂ ಹೀಗೇ ಮಾಡುತ್ತಿದೆ ಅಂತ ನಾನು ಹೇಳಲಾರೆ. ಅದರ ಪುಸ್ತಕದಲ್ಲಿ ಏನು ಬರೆದಿದ್ದಾರೆ ಅನ್ನೋದರ ಮೇಲೆ ಅದು ನಿಂತಿದೆ. ಅದು ಷೇರುಪೇಟೆಯಲ್ಲಿದ್ದರೆ ವಾರ್ಷಿಕ ವರದಿ ತೆಗೆದು ನೋಡಿ. ಮಾರಾಟಕ್ಕಿಂತ ಬರಬೇಕಾದ ಬಾಕಿ ಜೋರಾಗಿ ಏರುತ್ತಿದೆಯಾ? ಲಾಭ ಇದ್ದೂ ವ್ಯಾಪಾರದಿಂದ ನಗದು ಬರುತ್ತಿಲ್ಲವಾ? ಹಾಗಿದ್ದರೆ ಅನುಮಾನ ಪಡಲು ಕಾರಣ ಇದೆ. ನಿಮ್ಮ ಕೈಲಿರುವ ಕೆಲಸ ಒಂದಿದೆ. ಈ ಮಾರ್ಚ್‌ನಲ್ಲಿ ವಾಪಸ್ ತಗೊಳ್ಳುವ ಮಾತನ್ನು ಬಾಯಲ್ಲಿ ಕೇಳಿ ಸುಮ್ನೆ ಇರಬೇಡಿ, ಕಂಪನಿಯಿಂದ ಬರಹದಲ್ಲಿ ಪಡೆದು ಬಿಲ್ ಜೊತೆಗೇ ಫೈಲ್ ಮಾಡಿ. ಆಡಿಟರ್ ಬಂದಾಗ ಎರಡನ್ನೂ ಒಟ್ಟಿಗೆ ತೋರಿಸಿ.