ಮಲೆನಾಡಿನ ಮಳೆ ಮತ್ತು ಹಳೆಯ ಜೀಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಶಿವಮೊಗ್ಗ ಜಿಲ್ಲೆಯ ತೋಟದ ಮನೆಗಳಲ್ಲಿ ಇಪ್ಪತ್ತು–ಮೂವತ್ತು ವರ್ಷ ಹಳೆಯದಾದ ಫೋರ್‌ವೀಲ್ ಜೀಪುಗಳು ಇಂದಿಗೂ ದಿನನಿತ್ಯದ ದುಡಿಮೆಯಲ್ಲಿವೆ. ಗೊಬ್ಬರ ಸಾಗಿಸುವುದರಿಂದ ಹಿಡಿದು ರಾತ್ರಿ ಹೊತ್ತಿನಲ್ಲಿ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರೆಗೆ ಅನೇಕ ಮನೆಗಳು ಅವುಗಳನ್ನೇ ನಂಬಿಕೊಂಡಿವೆ. ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಳೆಗಾಲ ಮುಗಿಯುತ್ತಿದ್ದಂತೆ ತಲೆದೋರಿದ ತೊಂದರೆಗಳನ್ನು ಕುರಿತವು. ನಮ್ಮ ಸೀಮೆಯಲ್ಲಿ ಇಂಥ ವಾಹನಗಳು ಓಡಿ ಸವೆದುದಕ್ಕಿಂತ ಒಳಗೆ ನೀರು ನಿಂತು ಕೆಟ್ಟುಹೋಗುವುದೇ ಹೆಚ್ಚು. ಆದ್ದರಿಂದ ನೀರು ಎಲ್ಲಿಂದ ಒಳಸೇರುತ್ತದೆ, ಅದನ್ನು ಮನೆಯಲ್ಲಿಯೇ ಹೇಗೆ ಪತ್ತೆ ಹಚ್ಚಬಹುದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ನಮ್ಮದು 1996ರ ಡೀಸೆಲ್ ಜೀಪು. ಮಳೆಗಾಲದಲ್ಲಿ ತೋಟಕ್ಕೆ ಹೋಗಬೇಕೆಂದರೆ ಮೊಣಕಾಲುದ್ದ ನೀರಿರುವ ಹಳ್ಳವನ್ನು ದಾಟಲೇಬೇಕು. ಮುಂದಿನ ಹೌಸಿಂಗಿನ (ಎರಡು ಚಕ್ರಗಳ ನಡುವಿನ ಗೇರುಗಳ ಗೂಡಿನ) ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದೆ. ಆಯಿಲ್ ಬದಲಿಸಿದರೆ ಸಾಕೆ? ಮನೆಯಲ್ಲಿಯೇ ಮಾಡಬಹುದೆ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಮನೆಯಲ್ಲಿಯೇ ಮಾಡಬಹುದು. ಆದರೆ ನೀರು ಒಳಹೊಕ್ಕ ದಾರಿಯನ್ನು ಮುಚ್ಚದೆ ಬರಿಯ ಆಯಿಲ್ ಬದಲಿಸಿದರೆ ಮುಂದಿನ ಆರಿದ್ರಾ ಮಳೆಗೆ ಮತ್ತೆ ಇದೇ ಸ್ಥಿತಿ ಬರುತ್ತದೆ. ಓಡಿ ಬಂದ ಜೀಪಿನ ಹೌಸಿಂಗ್ ಬಿಸಿಯಾಗಿರುತ್ತದೆ. ಅದು ತಣ್ಣನೆಯ ಹಳ್ಳಕ್ಕೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಹೊರಗಿನಿಂದ ಏನನ್ನಾದರೂ ಒಳಕ್ಕೆ ಎಳೆದುಕೊಳ್ಳಲು ನೋಡುತ್ತದೆ. ಹೌಸಿಂಗಿನ ಮೇಲ್ಭಾಗದಲ್ಲಿ ಉಸಿರಾಟಕ್ಕೆಂದು ಇಟ್ಟಿರುವ ಚಿಕ್ಕ ಬ್ರೀದರ್ ಕೆಸರಿನಿಂದ ಮುಚ್ಚಿಹೋಗಿದ್ದರೆ ಆ ಎಳೆತವೆಲ್ಲ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆಗಳಾದ ಆಯಿಲ್ ಸೀಲುಗಳ ಮೇಲೆ ಬಿದ್ದು, ಅವುಗಳ ತುಟಿಯ ಸಂದಿನಿಂದ ನೀರು ಒಳನುಗ್ಗುತ್ತದೆ. ಬ್ರೀದರ್ ತೆರೆದಿದ್ದರೂ ಅದು ನೀರಿನೊಳಗೆ ಮುಳುಗಿದರೆ ಪರಿಣಾಮ ಅದೇ. ಆದಕಾರಣ ಬ್ರೀದರನ್ನು ಬಿಚ್ಚಿ, ತೆಳು ತಂತಿಯಿಂದ ಚೊಕ್ಕಗೊಳಿಸಿ, ಅದರ ಜಾಗಕ್ಕೆ ಆಯಿಲ್ ತಡೆಯುವ ರಬ್ಬರ್ ಪೈಪನ್ನು ಕ್ಲಿಪ್ ಹಾಕಿ ಬಿಗಿದು, ಬಾನೆಟ್ಟಿನ ಒಳಗೆ ಎತ್ತರದಲ್ಲಿ ಬಾಯಿ ಕೆಳಮುಖವಾಗಿರುವಂತೆ ಕಟ್ಟಿಕೊಳ್ಳಿ. ಹಳ್ಳ ದಾಟುವ ಜೀಪಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಕೆಲಸ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ.

ಒಳಗೆ ಎಷ್ಟು ನೀರಿದೆ ಎಂದು ತಿಳಿಯಲು ಜೀಪನ್ನು ಒಂದು ಇಡೀ ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿಬಿಡಿ. ಆಯಿಲಿಗಿಂತ ನೀರು ಭಾರವಾದ್ದರಿಂದ ಬೆರೆಯದೆ ಉಳಿದ ನೀರೆಲ್ಲ ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ತಳದ ಡ್ರೈನ್ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಸ್ವಲ್ಪವೇ ಸಡಿಲಿಸಿ, ಒಂದು ಗಾಜಿನ ಲೋಟವನ್ನು ಕೆಳಗೆ ಹಿಡಿಯಿರಿ. ಮೊದಲು ತಿಳಿನೀರು ಇಳಿದು, ಅನಂತರ ಬೆಳ್ಳಗಿನ ಆಯಿಲ್ ಬಂದರೆ ಸೀಲುಗಳನ್ನು ನಂಬುವಂತಿಲ್ಲ. ಮೊದಲ ಹನಿಯಿಂದಲೇ ಮಸುಕಾದ ಆಯಿಲ್ ಮಾತ್ರ ಬಂದರೆ ಬ್ರೀದರಿನ ದೋಷವೇ ಆಗಿರುವ ಸಂಭವ ಹೆಚ್ಚು. ಡ್ರೈನ್ ಪ್ಲಗ್ಗಿಗೆ ಕೈ ಹಾಕುವ ಮೊದಲು ಆಯಿಲ್ ತುಂಬಿಸುವ ಮೇಲಿನ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ. ತುಕ್ಕು ಹಿಡಿದ ಮೇಲಿನ ಪ್ಲಗ್ ಬಾರದೆ ಹೋದರೆ ಆಯಿಲ್ ಇಲ್ಲದ ಜೀಪು ಅಂಗಳದಲ್ಲೇ ಉಳಿಯಬೇಕಾಗುತ್ತದೆ.

ಹಳೆಯ ಆಯಿಲನ್ನು ಇಳಿಸಿದ ಮೇಲೆ ಅದೇ ದರ್ಜೆಯ ಅಗ್ಗದ ಹೊಸ ಆಯಿಲ್ ಹಾಕಿ, ನಿಧಾನವಾಗಿ ಎರಡು ಮೂರು ಕಿಲೋಮೀಟರ್ ಓಡಿಸಿ, ಬಿಸಿ ಇರುವಾಗಲೇ ಅದನ್ನೂ ಇಳಿಸಿಬಿಡಿ. ಕೆಲವರು ಡೀಸೆಲ್ ಹಾಕಿ ಓಡಿಸಿ ತೊಳೆಯುತ್ತಾರೆ. ಹೌಸಿಂಗಿನೊಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳ ಹಲ್ಲುಗಳ ನಡುವೆ ಆಯಿಲಿನ ಪದರವೇ ಇಲ್ಲದಂತೆ ಮಾಡುವ ಆ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕೊನೆಗೆ ಕೈಪಿಡಿಯಲ್ಲಿ ಹೇಳಿರುವ ದರ್ಜೆಯ ಇಪಿ 90 ಗೇರ್ ಆಯಿಲನ್ನು ತುಂಬಿಸುವ ತೂತಿನ ಅಂಚಿಗೆ ಬರುವವರೆಗೆ ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಡ್ರೈನ್ ಪ್ಲಗ್ಗಿಗೆ ಅಂಟಿದ್ದು ನುಣುಪಾದ ಬೂದು ಪುಡಿಯಾದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವಂಥ ಲೋಹದ ಚೂರುಗಳು ಸಿಕ್ಕಿದರೆ ಹೌಸಿಂಗನ್ನು ಮೆಕ್ಯಾನಿಕ್ಕಿನ ಕೈಯಲ್ಲಿ ಬಿಚ್ಚಿಸಲೇಬೇಕು.

ಮುಂದಿನ ಚಕ್ರಗಳನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಚಕ್ರವನ್ನು ಜಾಕಿಯಿಂದ ಎತ್ತಿ, ಟೈರನ್ನು ಮೇಲೊಂದು ಕೈ ಕೆಳಗೊಂದು ಕೈಯಿಂದ ಹಿಡಿದು ಅಲುಗಾಡಿಸಿ. ಆಟ ಕಂಡುಬಂದರೆ ಇನ್ನೊಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಹಿಡಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲವಾಗಿದೆ ಎಂದರ್ಥ. ಆಗಲೂ ಆಟ ಉಳಿದರೆ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳಲು ಆಧಾರವಾದ ಕಿಂಗ್‌ಪಿನ್ ಸವೆದಿದೆ. ಜೀಪನ್ನು ಎತ್ತಿದಾಗ ಕೆಳಗೆ ಜಂಬಿಟ್ಟಿಗೆ ಕಲ್ಲನ್ನು ಆಸರೆ ಕೊಡುವ ಅಭ್ಯಾಸ ನಮ್ಮಲ್ಲಿದೆ. ಮಳೆಯಲ್ಲಿ ನೆನೆದ ಆ ಕಲ್ಲು ಯಾವ ಸೂಚನೆಯನ್ನೂ ಕೊಡದೆ ಒಡೆಯಬಲ್ಲದು. ಕಬ್ಬಿಣದ ಸ್ಟ್ಯಾಂಡನ್ನೇ ಇಡಿ, ಅಂಗಳ ಮೆತ್ತಗಿದ್ದರೆ ಅದರ ಅಡಿಗೆ ಗಟ್ಟಿ ಹಲಗೆ ಹಾಕಿ. ಬರಿಯ ಜಾಕಿಯ ಮೇಲೆ ನಿಂತ ಜೀಪಿನ ಕೆಳಗೆ ದಯವಿಟ್ಟು ಯಾರೂ ನುಸುಳಬೇಡಿ.

ಪ್ರಶ್ನೆ: ಹಳ್ಳ ದಾಟಿದ ಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ. ಒಣಗಿದ ಮೇಲೆ ಹಿಡಿದರೂ ಜೀಪು ಎಡಕ್ಕೆ ಎಳೆಯುತ್ತದೆ. ಹುಲಿಕಲ್ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ಬಹಳ ಒಳಗೆ ಹೋಗುತ್ತದೆ. ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಬದಲಿಸಬೇಕೆ?
— ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ನೀವು ಬರೆದಿರುವುದು ಮೂರು ಬೇರೆ ಬೇರೆ ತೊಂದರೆಗಳು. ಮೂರನೆಯದು ಪ್ರಾಣಕ್ಕೆ ಸಂಬಂಧಿಸಿದ್ದಾದ್ದರಿಂದ ಅದು ಸರಿಹೋಗುವವರೆಗೆ ಜೀಪನ್ನು ಘಾಟಿಗೆ ಇಳಿಸಬೇಡಿ.

ಡ್ರಮ್ ಬ್ರೇಕಿನೊಳಗೆ ನೀರು ಸೇರಿದಾಗ ಹಿಡಿತ ತಪ್ಪುವುದು ಸಹಜ. ನೀರಿನಿಂದ ಮೇಲೆ ಬಂದೊಡನೆ ಮೊದಲ ಗೇರಿನಲ್ಲಿ, ಪೆಡಲನ್ನು ಹಗುರಾಗಿ ಒತ್ತಿಕೊಂಡೇ ಸ್ವಲ್ಪ ದೂರ ಸಾಗಿದರೆ ಉಜ್ಜಾಟದ ಬಿಸಿಗೆ ಡ್ರಮ್ ಒಣಗುತ್ತದೆ.

ಎಡಕ್ಕೆ ಎಳೆಯುತ್ತದೆ ಎಂದರೆ ಬಲಗಡೆಯ ಬ್ರೇಕ್ ದುರ್ಬಲವಾಗಿದೆ ಎಂದು ಮೊದಲು ಶಂಕಿಸಬೇಕು. ಬಲ ಮುಂಚಕ್ರದ ಡ್ರಮ್ ಬಿಚ್ಚಿ ನೋಡಿ. ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳದ ಅಂಚನ್ನು ಮೆಲ್ಲಗೆ ಎತ್ತಿದಾಗ ಒಳಗೆ ತೇವ ಕಂಡರೆ ಬ್ರೇಕ್ ಆಯಿಲ್ ಸೋರುತ್ತಿದೆ. ಲೈನರ್ ಮೇಲೆ ಕಪ್ಪು ಜಿಡ್ಡಿದ್ದು ಗೇರ್ ಆಯಿಲಿನ ವಾಸನೆ ಬಂದರೆ ಹಬ್ಬಿನ ಸೀಲ್ ಹೋಗಿದೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಮೇಲ್ಮೈ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಆಯಿಲ್ ಮೇಲಕ್ಕೆ ಬಂದೇ ಬರುತ್ತದೆ. ಲೈನರ್ ಬದಲಿಸಲೇಬೇಕು, ಅದೂ ಎಡ–ಬಲ ಎರಡೂ ಕಡೆ ಒಟ್ಟಿಗೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಲೋ ಕಂಪ್ರೆಸರಿನಿಂದಲೋ ಊದಬೇಡಿ. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಇನ್ನು ಮೆತ್ತಗಾಗುವ ಪೆಡಲ್. ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ, ನಮ್ಮ ಮಳೆಗಾಲದಲ್ಲಿ ಅದಕ್ಕೆ ತೇವದ ಕೊರತೆಯೂ ಇಲ್ಲ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದೇ ಆಯಿಲಿಗೆ ಆ ಮಿತಿ 140 ಡಿಗ್ರಿ ಮಾತ್ರ. ಘಾಟಿಯುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದಾಗ ಡ್ರಮ್ಮಿನ ಬಿಸಿ ಸಿಲಿಂಡರಿಗೆ ತಲುಪಿ ಆಯಿಲ್ ಕುದಿಯುತ್ತದೆ, ಆವಿಯ ಗುಳ್ಳೆಗಳು ಹುಟ್ಟುತ್ತವೆ. ಆಮೇಲೆ ಪೆಡಲ್ ಒತ್ತಿದಾಗ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಬೇಕು. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯದನ್ನು ಹಾಕಬಾರದು. ಎಂಜಿನ್ ಆಯಿಲ್ ಒಂದು ಚಮಚ ಬೆರೆತರೂ ರಬ್ಬರ್ ವಾಷರುಗಳು ಊದಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ. ಬ್ರೇಕ್ ಪೈಪುಗಳ ಗಾಳಿ ತೆಗೆಯುವಾಗ, ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಸಾಮಾನ್ಯವಾಗಿ ಹಿಂದಿನ ಎಡ ಚಕ್ರದಿಂದ, ಆರಂಭಿಸಿ ಹತ್ತಿರದ್ದಕ್ಕೆ ಬನ್ನಿ.

ಹಳೆಯ ಜೀಪುಗಳಲ್ಲಿ ಹಲವಕ್ಕೆ ನಾಲ್ಕೂ ಚಕ್ರಗಳಿಗೆ ಸೇರಿ ಒಂದೇ ಬ್ರೇಕ್ ಲೈನ್ ಇರುತ್ತದೆ. ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಹೋದಂತೆ. ಆದ್ದರಿಂದ ಹ್ಯಾಂಡ್‌ಬ್ರೇಕ್ ಕೆಲಸ ಮಾಡುವ ಸ್ಥಿತಿಯಲ್ಲಿ ಇರಲೇಬೇಕು, ಘಾಟಿಯನ್ನು ಹತ್ತುವ ಗೇರಿನಲ್ಲೇ ಇಳಿಯಬೇಕು. ಡ್ರಮ್ ಬಿಚ್ಚಿ ನೋಡುವುದು, ಆಯಿಲ್ ಬದಲಿಸುವುದು ಮನೆಯ ಕೆಲಸ. ಮಾಸ್ಟರ್ ಸಿಲಿಂಡರಿನ ದುರಸ್ತಿ ಮತ್ತು ಪೈಪುಗಳ ಬದಲಾವಣೆಯನ್ನು ಅನುಭವಿ ಮೆಕ್ಯಾನಿಕ್ಕಿಗೇ ಬಿಡಿ.

ಪ್ರಶ್ನೆ: ನನ್ನ 1999ರ ಜಿಪ್ಸಿಯ ಚಾಸಿಗೆ (ಬಾಡಿಯನ್ನು ಹೊರುವ ಉಕ್ಕಿನ ಚೌಕಟ್ಟಿಗೆ) ತುಕ್ಕು ಹತ್ತಿದೆ. ಪ್ರತಿ ಮಳೆಗಾಲಕ್ಕೂ ಮುಂಚೆ ಹಳೆಯ ಎಂಜಿನ್ ಆಯಿಲ್ ಬಳಿಯಿರಿ ಎಂದು ಪರಿಚಿತರು ಹೇಳುತ್ತಾರೆ. ಇದು ಸರಿಯೆ?
— ಸಾಗರದ ಓದುಗರು

ಉತ್ತರ: ಸರಿಯಲ್ಲ. ಉಪಯೋಗಿಸಿದ ಆಯಿಲಿನಲ್ಲಿ ದಹನದಿಂದ ಬಂದ ಆಮ್ಲೀಯ ಅಂಶಗಳಿರುತ್ತವೆ. ಅದು ಸ್ಪ್ರಿಂಗ್ ಬುಷ್‌ಗಳ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಕೆಸರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಮಳೆಗೇ ತೊಳೆದುಹೋಗಿ ನಿಮ್ಮದೇ ತೋಟಕ್ಕೆ, ಬಾವಿಗೆ ಸೇರುತ್ತದೆ.

ಜಿಪ್ಸಿಯ ಚಾಸಿ ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ಉಕ್ಕಿನದು. ಅದು ಹೊರಗಿನಿಂದ ಕೊಳೆಯುವುದು ಕಡಿಮೆ, ಒಳಗಿನಿಂದ ಕೊಳೆಯುವುದು ಹೆಚ್ಚು. ತಳದಲ್ಲಿ ನೀರು ಇಳಿದುಹೋಗಲೆಂದು ಬಿಟ್ಟಿರುವ ತೂತುಗಳು ಕೆಮ್ಮಣ್ಣಿನಿಂದ ಮುಚ್ಚಿಹೋದರೆ ಮಳೆಗಾಲ ಮುಗಿದು ಎಷ್ಟೋ ದಿನಗಳಾದರೂ ಒಳಗಿನ ಹಸಿ ಮಣ್ಣು ಆರುವುದಿಲ್ಲ. ಒಂದು ಸ್ಕ್ರೂಡ್ರೈವರಿನಿಂದ ಆ ತೂತುಗಳನ್ನೆಲ್ಲ ಬಿಡಿಸಿ, ಪೈಪಿನ ನೀರನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಲ್ಲಿ ತಿಳಿನೀರು ಬರುವವರೆಗೆ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ: ಗಟ್ಟಿ ಉಕ್ಕು ಖಣಿಲ್ ಎನ್ನುತ್ತದೆ, ಕೊಳೆತ ಜಾಗ ಮಂದ ಸದ್ದು ಮಾಡುತ್ತದೆ. ಸ್ಪ್ರಿಂಗ್ ಪಟ್ಟಿಯ ಹ್ಯಾಂಗರುಗಳು ಮತ್ತು ಬಾಡಿ ಕೂರುವ ಬ್ರಾಕೆಟ್ಟುಗಳ ಸುತ್ತ ಹೆಚ್ಚು ಗಮನ ಕೊಡಿ.

ಮೇಲ್ಮೈ ತುಕ್ಕನ್ನು ವೈರ್ ಬ್ರಷ್ಷಿನಿಂದ ಕೆರೆದು, ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಬಳಿದು, ಅನಂತರ ಪ್ರೈಮರ್ ಮತ್ತು ಚಾಸಿ ಪೇಂಟ್ ಹೊಡೆಯಿರಿ. ಇದನ್ನು ಮಾಘ–ಫಾಲ್ಗುಣದ ಒಣ ಹವೆಯಲ್ಲಿ ಮಾಡಿದರೆ ಪೇಂಟ್ ನಿಲ್ಲುತ್ತದೆ. ಪೆಟ್ಟಿಗೆಯ ಒಳಭಾಗಕ್ಕೆ ಉದ್ದ ಕೊಳವೆಯಿಂದ ಸಿಂಪಡಿಸುವ ಮೇಣದ ಲೇಪವೇ ಯೋಗ್ಯ. ತೂತು ಬಿದ್ದ ಚಾಸಿಗೆ ವೆಲ್ಡಿಂಗ್ ಬೇಕಾದರೆ ಅದು ಮನೆಯ ಕೆಲಸವಲ್ಲ. ಪೆಟ್ರೋಲ್ ಟ್ಯಾಂಕನ್ನು ಇಳಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿಯೇ ವೆಲ್ಡಿಂಗ್ ಮಾಡಿಸಿ. ಚಾಸಿ ನಂಬರ್ ಕೊರೆದಿರುವ ಜಾಗಕ್ಕೆ ಗ್ರೈಂಡರ್ ತಾಗದಂತೆ ಎದುರಿಗೆ ನಿಂತು ನೋಡಿಕೊಳ್ಳಿ. ಹದಿನೈದು ವರ್ಷ ಕಳೆದ ಖಾಸಗಿ ವಾಹನದ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ತಪಾಸಣೆಯಲ್ಲಿ ನಂಬರ್ ಓದಲು ಬಾರದಿದ್ದರೆ ಬಹಳ ತೊಂದರೆಯಾಗುತ್ತದೆ.

ಪ್ರಶ್ನೆ: ಫೋರ್‌ವೀಲ್ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ಗೇರು) ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಅದರ ಲಿವರ್ ವಾಪಸು ಬರುವುದೇ ಇಲ್ಲ. ಏಕೆ?
— ಶಿವಮೊಗ್ಗದ ಓದುಗರು

ಉತ್ತರ: ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಹೌಸಿಂಗುಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡು ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸುತ್ತುತ್ತವೆ. ಕೆಸರಿನಲ್ಲಾದರೆ ಟೈರ್ ಜಾರಿ ಆ ವ್ಯತ್ಯಾಸ ಕಳೆಯುತ್ತದೆ, ಒಣ ಡಾಂಬರಿನಲ್ಲಿ ಜಾರದೆ ಗೇರುಗಳೆಲ್ಲ ಬಿಗಿದುಕೊಳ್ಳುತ್ತವೆ. ಸ್ಟೀರಿಂಗ್ ನೇರ ಹಿಡಿದು ಸ್ವಲ್ಪ ಹಿಂದಕ್ಕೆ ಓಡಿಸಿದರೆ ಲಿವರ್ ಬಿಡುತ್ತದೆ, ಬಲವಂತ ಮಾಡಬೇಡಿ. ಗಟ್ಟಿ ರಸ್ತೆಯಲ್ಲಿ ಫೋರ್‌ವೀಲ್ ಹಾಕಲೇಬೇಡಿ. ಹಾಗೆಂದು ವರ್ಷವಿಡೀ ಮುಟ್ಟದೆ ಇರುವುದೂ ಬೇಡ: ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿದರೆ ಮುಂದಿನ ಗೇರುಗಳಿಗೂ ಆಯಿಲ್ ತಾಗುತ್ತದೆ.

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ನಮ್ಮ ಪ್ಯೂಜೊ ಎಂಜಿನ್ನಿನ ಜೀಪು ಎಷ್ಟು ಹೊತ್ತು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಬಟ್ಟೆಗೆ ಬೆಂಕಿ ಹಚ್ಚಿ ಏರ್ ಕ್ಲೀನರ್ ಬಾಯಿಗೆ ಹಿಡಿದರೆ ಆಗುತ್ತದೆ. ಇದಕ್ಕೆ ಶಾಶ್ವತ ಪರಿಹಾರವೇನು?
— ಆಗುಂಬೆ ಸಮೀಪದ ಓದುಗರು

ಉತ್ತರ: ಬೆಂಕಿ ಹಿಡಿಯುವುದನ್ನು ಇಂದೇ ನಿಲ್ಲಿಸಿ. ಉರಿಯುವ ಬಟ್ಟೆಯ ಚೂರು ಒಳಗೆ ಎಳೆದುಕೊಂಡರೆ ಎಂಜಿನ್ನಿಗೆ ಅಪಾಯ, ಸುತ್ತ ಡೀಸೆಲ್ ಜಿನುಗಿದ್ದರೆ ನಿಮಗೇ ಅಪಾಯ. ಸ್ಟಾರ್ಟ್ ಮಾಡುವಾಗ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಈ ಎಂಜಿನ್ನಿಗೆ ಈಥರ್ ಸ್ಪ್ರೇ ಕೂಡ ಸಲ್ಲದು.

ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನ ಕಡೆ ಒಬ್ಬರನ್ನು ನಿಲ್ಲಿಸಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಹೀಟರ್ ಪ್ಲಗ್ಗುಗಳನ್ನು ಪರೀಕ್ಷಿಸಬೇಕು. ಪ್ಲಗ್ಗುಗಳನ್ನು ಕೂಡಿಸುವ ಪಟ್ಟಿಯನ್ನು ಬಿಚ್ಚಿ, 12 ವೋಲ್ಟಿನ ಬಲ್ಬಿನ ಒಂದು ತಂತಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಪ್ಲಗ್ಗಿನ ತುದಿಗೂ ತಾಗಿಸಿ. ಬಲ್ಬ್ ಹತ್ತದ ಪ್ಲಗ್ ಸತ್ತಿದೆ. ಎಲ್ಲ ಪ್ಲಗ್ಗುಗಳೂ ಸರಿಯಿದ್ದರೆ ಬ್ಯಾಟರಿ ತುದಿಗಳ ಕಿಲುಬನ್ನು ಬಿಸಿನೀರಿನಲ್ಲಿ ತೊಳೆದು, ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ತಂತಿಯ ಎರಡೂ ತುದಿಗಳನ್ನು ಹೊಳೆಯುವಂತೆ ಉಜ್ಜಿ ಬಿಗಿಯಿರಿ. ಈ ತಂತಿಯನ್ನು ನೋಡದೆ ಹೊಸ ಬ್ಯಾಟರಿ ಕೊಂಡವರು ಅನೇಕರಿದ್ದಾರೆ.

ಹೊಗೆಯೇ ಬಾರದಿದ್ದರೆ ರಾತ್ರಿ ಎಲ್ಲೋ ಗಾಳಿ ನುಸುಳಿ, ಪೈಪಿನ ಡೀಸೆಲ್ ಟ್ಯಾಂಕಿಗೆ ಮರಳಿರುತ್ತದೆ. ಫಿಲ್ಟರಿನಿಂದ ಇಂಜೆಕ್ಷನ್ ಪಂಪಿಗೆ (ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪಿಗೆ) ಹೋಗುವ ಜಾಗದಲ್ಲಿ ತಾತ್ಕಾಲಿಕವಾಗಿ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡು ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಬಿರುಕು ಬಿಟ್ಟ ರಬ್ಬರ್ ಪೈಪು, ಸಡಿಲ ಕ್ಲಿಪ್ಪು, ಫಿಲ್ಟರಿನ ಗಟ್ಟಿಯಾದ ವಾಷರ್ ಇವುಗಳನ್ನು ಬದಲಿಸಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ನೀರು ಬೇರ್ಪಡಿಸುವ ಬಟ್ಟಲನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಖಾಲಿ ಮಾಡಿ. ಕ್ಯಾನಿನಲ್ಲಿ ಶೇಖರಿಸಿದ ಡೀಸೆಲನ್ನು ತಳದ ಒಂದು ಬೆರಳಷ್ಟು ಬಿಟ್ಟೇ ಟ್ಯಾಂಕಿಗೆ ಸುರಿಯಿರಿ. ಇಷ್ಟೆಲ್ಲ ಆದ ಮೇಲೂ ಸ್ಟಾರ್ಟ್ ಆಗದಿದ್ದರೆ ಇಂಜೆಕ್ಷನ್ ಪಂಪಿಗೆ ನೀವು ಸ್ಪ್ಯಾನರ್ ಹಾಕದೆ, ಟೆಸ್ಟ್ ಬೆಂಚ್ ಇರುವ ಪಂಪ್ ರಿಪೇರಿಯವರಿಗೆ ಒಪ್ಪಿಸಿ.