ಯಂತ್ರದ ಎಣಿಕೆ ಇಳಿದರೆ ಫಿಟ್ಸ್ ಮಾತ್ರೆ ಹಿಡಿಯಿತು ಎಂದರ್ಥವೇ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗನಿಗೆ ಫಿಟ್ಸ್‌ಗಾಗಿ ಎರಡು ವರ್ಷದ ಹಿಂದೆ ತಲೆಬುರುಡೆಯಲ್ಲಿ ಆರ್‌ಎನ್‌ಎಸ್ ಯಂತ್ರ (ಮೆದುಳಿನ ಅಲೆಗಳನ್ನು ಗಮನಿಸುತ್ತ, ಫಿಟ್ಸ್ ಸುಳಿವು ಕಂಡರೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವಂಥದ್ದು) ಅಳವಡಿಸಿದ್ದಾರೆ. ಲ್ಯಾಮೋಟ್ರಿಜಿನ್ ಮಾತ್ರೆಯ ಜೊತೆಗೆ ಕ್ಲೋಬಜಾಮ್ ಮಾತ್ರೆ ಸೇರಿಸಿ ಮೂರು ವಾರವಾಯಿತು. ಯಂತ್ರದ ಎಣಿಕೆ ಅರ್ಧಕ್ಕೆ ಇಳಿದಿದೆಯಂತೆ. ಆದರೆ ಕಳೆದ ವಾರ ಮತ್ತೆ ಫಿಟ್ಸ್ ಬಂತು. ಯಾವುದನ್ನು ನಂಬುವುದು?
– ಓದುಗರು, ಶಿವಮೊಗ್ಗ

ಉತ್ತರ: ಎರಡನ್ನೂ ನಂಬಿ. ಆದರೆ ಮೂರು ವಾರಕ್ಕೆ ತೀರ್ಮಾನ ಬೇಡ. ಕ್ಲೋಬಜಾಮ್ ದೇಹದೊಳಗೆ ಇನ್ನೊಂದು ಸಕ್ರಿಯ ರೂಪಕ್ಕೆ ಬದಲಾಗುತ್ತದೆ. ಅದರ ಅರ್ಧಾಯುಷ್ಯ (ರಕ್ತದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ಮೂರು ದಿನಕ್ಕೂ ಹೆಚ್ಚು. ಹಾಗಾಗಿ ಡೋಸ್ ಏರಿಸುವುದು ನಿಂತ ಮೇಲೂ ರಕ್ತದಲ್ಲಿ ಅದರ ಮಟ್ಟ ನೆಲೆಗೊಳ್ಳಲು ಎರಡು ವಾರಕ್ಕಿಂತ ಜಾಸ್ತಿ ಹಿಡಿಯುತ್ತದೆ. ಫಿಟ್ಸ್‌ನ ಇನ್ನೊಂದು ಔಷಧಿ ಲೆವೆಟಿರಾಸೆಟಮ್ ಆಗಿದ್ದರೆ ಎರಡೇ ದಿನ ಸಾಕಿತ್ತು.

ತಿಂಗಳಿಗೊಮ್ಮೆ ಫಿಟ್ಸ್ ಬರುವವರಲ್ಲಿ ಫಿಟ್ಸ್ ಬಂದಾಗ ಬರೆದಿಡುವ ಡೈರಿಯನ್ನಷ್ಟೇ ನೋಡಿ ಮಾತ್ರೆಯ ಗುಣ ಹೇಳಲು ತಿಂಗಳುಗಳೇ ಬೇಕು. ನಿದ್ದೆಯಲ್ಲಿ ಬಂದದ್ದು, ಪ್ರಜ್ಞೆ ತಪ್ಪಿದಾಗ ಬಂದದ್ದು ಡೈರಿಗೆ ಸೇರುವುದೇ ಅಪರೂಪ. ಯಂತ್ರದ ದಾಖಲೆ ಅದಕ್ಕಿಂತ ಬೇಗ ಸುಳಿವು ಕೊಡುತ್ತದೆ, ಸರಿಯಾಗಿ ಓದಿದರೆ.

ನಿಮ್ಮ ಮಗನನ್ನು ಮೊದಲು ಕೇಳಬೇಕಾದದ್ದು, ಅರ್ಧವಾದದ್ದು ಯಾವ ಎಣಿಕೆ ಎಂದು. ಯಂತ್ರ ಅನುಮಾನ ಬಂದಾಗೆಲ್ಲ ಒಂದು ಗುರುತು ಹಾಕುತ್ತದೆ. ಇಂಥವು ದಿನಕ್ಕೆ ನೂರಾರು, ಕೆಲವರಲ್ಲಿ ಸಾವಿರ ಮೀರುತ್ತವೆ. ಬಹುಪಾಲು ಫಿಟ್ಸ್ ಅಲ್ಲ. ವೈದ್ಯರು ನಿಗದಿ ಮಾಡಿದ ಅವಧಿಯನ್ನು (30 ಸೆಕೆಂಡ್ ಎಂದಿಟ್ಟುಕೊಳ್ಳಿ) ದಾಟಿದವು 'ಲಾಂಗ್ ಎಪಿಸೋಡ್'. ಮಾತ್ರೆಯ ಪರಿಣಾಮ ಅಳೆಯಲು ಇದೇ ಮುಖ್ಯ. ಅದೂ ನಿಜವಾದ ಫಿಟ್ಸೇ ಎಂದು ಉಳಿಸಿಟ್ಟ ಮೆದುಳಿನ ಅಲೆಗಳನ್ನು ಒಮ್ಮೆ ಕಣ್ಣಾರೆ ನೋಡಿ ಖಚಿತಪಡಿಸಿಕೊಂಡಿರಬೇಕು.

ಎಣಿಕೆ ದಾರಿ ತಪ್ಪಿಸುವುದು ಹೆಚ್ಚಾಗಿ ಸೆಟ್ಟಿಂಗ್ ಬದಲಾದಾಗ. ಮಾತ್ರೆ ಸೇರಿಸಿದ ಭೇಟಿಯಲ್ಲೇ ಪತ್ತೆಯ ಸೂಕ್ಷ್ಮತೆಯನ್ನೋ ವಿದ್ಯುತ್ ಪ್ರಚೋದನೆಯನ್ನೋ ಬದಲಿಸಿದ್ದರೆ ಹಿಂದಿನ ಮತ್ತು ಈಗಿನ ಸಂಖ್ಯೆಗಳನ್ನು ಹೋಲಿಸುವುದೇ ವ್ಯರ್ಥ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಕ್ಲೋಬಜಾಮ್‌ಗೆ ಇನ್ನೊಂದು ತೊಡಕಿದೆ: ಈ ಗುಂಪಿನ ಔಷಧಿಗಳು ಮೆದುಳಿನಲ್ಲಿ ವೇಗದ ಬೀಟಾ ಅಲೆಗಳನ್ನು ಹೆಚ್ಚಿಸುತ್ತವೆ. ಪತ್ತೆಯ ಸೂತ್ರ ಆ ವೇಗಕ್ಕೆ ಹೊಂದಿಸಿದ್ದರೆ, ರೋಗಿ ಸುಧಾರಿಸುತ್ತಿದ್ದರೂ ಎಣಿಕೆ ಏರಬಹುದು. ಯಂತ್ರ ಹಾಕಿದ ಮೊದಲ ಕೆಲವು ತಿಂಗಳ ದಾಖಲೆಯೂ ಅಸ್ಥಿರ. ನಿಮ್ಮ ಮಗ ಆ ಹಂತ ದಾಟಿದ್ದಾರೆ.

ಇನ್ನು ಆವರ್ತನ. ಹಲವರಲ್ಲಿ ಫಿಟ್ಸ್‌ಗೆ ಸಂಬಂಧಿಸಿದ ಮೆದುಳಿನ ಚಟುವಟಿಕೆ ತಾನಾಗಿಯೇ 20–30 ದಿನಗಳಿಗೊಮ್ಮೆ ಏರಿಳಿಯುತ್ತದೆ ಎಂಬುದು ಇದೇ ಯಂತ್ರದ ದಾಖಲೆಗಳಿಂದ ಗೊತ್ತಾದದ್ದು. ಇಳಿಮುಖದ ಹೊತ್ತಿಗೆ ಮಾತ್ರೆ ಶುರುವಾದರೆ ಅದಕ್ಕೆ ಸಲ್ಲದ ಕೀರ್ತಿ ಸಲ್ಲುತ್ತದೆ. ಮಾತ್ರೆಗೆ ಮುಂಚಿನ ಎರಡು ಮೂರು ತಿಂಗಳ ಗ್ರಾಫ್ ಅನ್ನು ಹೋಲಿಕೆಗೆ ಪಕ್ಕದಲ್ಲಿಟ್ಟುಕೊಂಡು, ಡೋಸ್ ನೆಲೆಗೊಂಡ ಮೇಲೆ ಕನಿಷ್ಠ ಒಂದು ಪೂರ್ತಿ ಸುತ್ತು ಮುಗಿಯಲಿ.

ಮನೆಯಲ್ಲಿ ಮಾಡಬೇಕಾದದ್ದು: ಫಿಟ್ಸ್ ಬಂದೊಡನೆ, ಯಂತ್ರದೊಂದಿಗೆ ಕೊಟ್ಟ ಮ್ಯಾಗ್ನೆಟ್ ಅನ್ನು ಯಂತ್ರದ ಮೇಲೆ ಒಮ್ಮೆ ಆಡಿಸುವುದು. ಆ ಹೊತ್ತಿನ ಅಲೆಗಳು ಉಳಿಯುತ್ತವೆ. ಅಲ್ಲೇ ಹಿಡಿದುಕೊಂಡರೆ ಪ್ರಚೋದನೆ ನಿಲ್ಲುತ್ತದೆ, ಹುಷಾರು. ಯಂತ್ರದ ಜಾಗ ಕೆಲವೇ ನಿಮಿಷಗಳ ದಾಖಲೆಗೆ ಸಾಕು, ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಆದ್ದರಿಂದ ಆಸ್ಪತ್ರೆ ಹೇಳಿದ ವೇಳೆಗೆ ತಪ್ಪದೆ ಅಪ್‌ಲೋಡ್ ಆಗಬೇಕು. ಡೈರಿಯಲ್ಲಿ ಮರೆತ ಮಾತ್ರೆ, ನಿದ್ದೆಗೆಟ್ಟ ರಾತ್ರಿ, ಜ್ವರ ಇವನ್ನೂ ಬರೆಯಲಿ.

ಗ್ರಾಫ್ ಚೆನ್ನಾಗಿದೆ ಎಂದು ತಾವಾಗಿ ಲ್ಯಾಮೋಟ್ರಿಜಿನ್ ಇಳಿಸುವುದು, ಗ್ರಾಫ್ ಏರಿತೆಂದು ಕ್ಲೋಬಜಾಮ್ ಥಟ್ಟನೆ ನಿಲ್ಲಿಸುವುದು ಎರಡೂ ಅಪಾಯ. ಎರಡನೆಯದರಿಂದ ಬಿಡದೆ ಫಿಟ್ಸ್ ಬರುವ ಸ್ಥಿತಿ ಬರಬಹುದು. ಕ್ಲೋಬಜಾಮ್ ಕೆಲವರಲ್ಲಿ ತಿಂಗಳುಗಳ ನಂತರ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಆರನೇ ತಿಂಗಳಲ್ಲೂ ಲಾಂಗ್ ಎಪಿಸೋಡ್‌ಗಳ ಗ್ರಾಫ್ ನೋಡಿಸಿ.